ಬಾಗಿಲ ಬಳಿ ನಿಲ್ಲುವ ನಡಿಗೆ

ಜನವರಿ ೯

ಅಮ್ಮಾ,

ಫೋನಿನಲ್ಲಿ ನೀನು "ಊಟ ಆಯ್ತಾ" ಅನ್ನುತ್ತೀಯ, ನಾನು "ಆಯ್ತು, ಚೆನ್ನಾಗಿದ್ದೀನಿ" ಅನ್ನುತ್ತೇನೆ, ಅಷ್ಟರಲ್ಲಿ ಗೇಟಿನವನು ಫೋನಿಗೆ ಕೈ ಚಾಚುತ್ತಾನೆ. ಇನ್ನು ಅದೂ ಇಲ್ಲ. ಸಿನಿಮಾ ಬಿಡುಗಡೆಯಾಗುವವರೆಗೆ ನಮ್ಮೆಲ್ಲರ ಫೋನುಗಳು ಸ್ಟುಡಿಯೋದ ಕಬ್ಬಿಣದ ಕಪಾಟಿನಲ್ಲಿ. ಚಿತ್ರದ ಒಂದು ತುಣುಕೂ ಹೊರಗೆ ಸೋರಬಾರದಂತೆ. ಹಾಸ್ಟೆಲ್ಲು ಅವರದು, ಅಲ್ಲಿಂದ ಸ್ಟುಡಿಯೋಗೆ ಕರೆತರುವ ಬಸ್ಸು ಅವರದು, ಊಟದ ತಟ್ಟೆಯ ಮೇಲೂ ಅವರದೇ ಮುದ್ರೆ. ಹಾಗಾಗಿ ಕಾಗದ. ಕಾಗದವನ್ನೂ ಗೇಟಿನಲ್ಲಿ ಬಿಡಿಸಿ ನೋಡುತ್ತಾರೆ. ಓದುವುದಿಲ್ಲ, ಅಷ್ಟು ಪುರುಸೊತ್ತು ಯಾರಿಗಿದೆ. ಚಿತ್ರ ಬರೆದಿದ್ದೇನೆಯೇ ಎಂದು ಮಾತ್ರ ನೋಡುತ್ತಾರೆ. ಹೊಟ್ಟೆಪಾಡಿಗೆ ಚಿತ್ರ ಬರೆಯುವವಳು ಹೆತ್ತವಳಿಗೆ ಒಂದು ಬೆಕ್ಕಿನ ಚಿತ್ರ ಬರೆದು ಕಳಿಸುವ ಹಾಗಿಲ್ಲ.

ನಿನ್ನಿಂದ ಒಂದು ಸಹಾಯ ಆಗಬೇಕು. ಸ್ಟುಡಿಯೋದ ಮುಂದಿನ ಹಜಾರದ ಗೋಡೆಯ ಮೇಲೆ ಅನಿಮೇಷನ್ ಸಿನಿಮಾದ ಚರಿತ್ರೆ ಹಾಕಿಸುತ್ತಿದ್ದಾರೆ. ಬಿಡುಗಡೆಯ ದಿನ ದೊಡ್ಡವರು ಕಾಫಿ ಹಿಡಿದು ನೋಡುತ್ತಾ ಹೋಗಲಿ ಎಂದು. ನಮ್ಮ ಕೆಲಸ ನೋಡಿಕೊಳ್ಳುವ ಮ್ಯಾನೇಜರು, ನಾವೆಲ್ಲ ಗಡುವಪ್ಪ ಅನ್ನುತ್ತೇವೆ, ಬಾಯಿ ತೆರೆದರೆ ಗಡುವು ಬಿಟ್ಟು ಬೇರೆ ಮಾತಿಲ್ಲ, ಅವನು ಈ ಕೆಲಸ ನನ್ನ ತಲೆಗೆ ಕಟ್ಟಿದ. "ನಿಮ್ಮ ತಾಯಿ ಹಳೇ ಕಾಲದಲ್ಲಿ ಇದೇ ಲೈನಲ್ಲಿ ಇದ್ರಂತಲ್ಲ, ಕೇಳಿ ಬರೀರಿ."

ಮೊದಲ ಭಾಗ ಮುಗಿಸಿದ್ದೇನೆ. ಸೀಳುಗಳಿದ್ದ ರಟ್ಟಿನ ಚಕ್ರ ತಿರುಗಿಸಿ ಕುದುರೆ ಓಡಿಸಿದ್ದು, ಪುಸ್ತಕದ ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟು ಹಕ್ಕಿ ಹಾರಿಸಿದ್ದು, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಒಂದೊಂದನ್ನೂ ಕ್ಯಾಮೆರಾದಲ್ಲಿ ಹಿಡಿದದ್ದು. ಆಮೇಲೆ ಪಾರದರ್ಶಕ ಹಾಳೆ ಬಂತು, ನಿನ್ನ ಕಾಲ. ಅದಕ್ಕೊಂದು ಹಳೆಯ ಫೋಟೋ ಕೊಟ್ಟಿದ್ದಾರೆ. ಯಾವ ದೇಶದ್ದೋ. ಸಾಲಾಗಿ ಕುಳಿತ ಹೆಂಗಸರು, ಬಿಳಿಯ ಕೈಗವಸು, ಎಲ್ಲರ ಮುಖದಲ್ಲೂ ನಗು. ಕೆಳಗೆ, "ಬಣ್ಣದ ಕೋಣೆಯ ನಗುಮೊಗದ ಹೆಂಗಳೆಯರು." ನೀವೂ ಹೀಗೇ ಇದ್ದಿರಾ?

ಇಲ್ಲಿ ಯಾರಿಗೂ ಹೆಸರಿಲ್ಲ, ಕೆಲಸವೇ ಹೆಸರು. ಪಕ್ಕದ ಮೇಜಿನವಳು ದಿನವಿಡೀ ಕೂದಲು ಹಾರಿಸುತ್ತಾಳೆ, ಅವಳು ಕೂದಲು. ಇನ್ನೊಬ್ಬ ನೀರು. ಮತ್ತೊಬ್ಬ ಬಟ್ಟೆ. ನಾನು ನಡಿಗೆ. ಚಿತ್ರದಲ್ಲಿ ಬರುವ ಅಜ್ಜಿಯ ನಡಿಗೆ ನನ್ನದು. ನಿರ್ದೇಶಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೀನು ನೋಡಿದರೆ ನಗುತ್ತೀಯ.

ನಿನ್ನ
ನಡಿಗೆ


ಜನವರಿ ೨೨

ನಡಿಗೆಯಂತೆ ನಡಿಗೆ,

ನಿನ್ನ ಕಾಗದದ ಮಡಿಕೆಯ ಮೇಲೆ ಯಾರದೋ ಹೆಬ್ಬೆರಳಿನ ಎಣ್ಣೆ ಗುರುತು ಇತ್ತು. ಓದುವುದಿಲ್ಲವೆಂದು ನೀನು ನಂಬಿದ್ದೀಯ, ನಂಬು. ಓದಿದರೆ ಓದಲಿ, ಒಂದಿಷ್ಟು ಬುದ್ಧಿ ಬಂದೀತು.

ನಗುಮೊಗದ ಹೆಂಗಳೆಯರು ಎಂದು ಬರೆದವನನ್ನು ನಮ್ಮ ಕೋಣೆಯಲ್ಲಿ ಒಂದು ಮಧ್ಯಾಹ್ನ ಕೂರಿಸಬೇಕಿತ್ತು. ಫೋಟೋದವನು ಬಂದ ದಿನ ನಮ್ಮನ್ನೂ ನಗಿಸಿದ್ದರು. ಅವನು ಹೋದ ಮೇಲೆ ಕೈಗವಸು ವಾಪಸ್ ಇಸಿದುಕೊಂಡರು.

ಬರೆದುಕೋ. ಚಿತ್ರ ಬರೆಯುವವರು ಮೇಲಿನ ಮಹಡಿಯಲ್ಲಿ, ಗಂಡಸರು, ಕಿಟಕಿ ತೆರೆದು ಸಿಗರೇಟು ಸೇದುತ್ತಾ. ಬಣ್ಣ ತುಂಬುವವರು ಅದರ ಕೆಳಗಿನ ಮಹಡಿಯಲ್ಲಿ, ಹೆಂಗಸರು. ಹೆಂಗಸರ ಕೈ ಮೃದು, ಅದಕ್ಕೇ ಬಣ್ಣದ ಕೆಲಸ ಅವರಿಗೆ ಅನ್ನುತ್ತಿದ್ದರು. ಮೃದುವೂ ಅಲ್ಲ ಮಣ್ಣೂ ಅಲ್ಲ, ಎದುರು ಮಾತಾಡದ ಕೈ ಬೇಕಿತ್ತು. ಗೆರೆ ಹಾಳೆಯ ಮುಂಬದಿಗೆ, ಬಣ್ಣ ಹಿಂಬದಿಗೆ. ಎದುರಿನಿಂದ ನೋಡಿದವನಿಗೆ ಕುಂಚ ಆಡಿದ ಗುರುತೇ ಕಾಣಬಾರದು. ಅದೇ ನಮ್ಮ ಕಸುಬು ಕಣೇ, ಕಾಣದ ಹಾಗೆ ದುಡಿಯುವುದು.

ಹಸಿ ಬಣ್ಣದ ಮೇಲೆ ಒಂದು ಧೂಳಿನ ಕಣ ಕೂತರೆ ಅದು ಪರದೆಯ ಮೇಲೆ ಕಲ್ಲಿನಷ್ಟು ಕಾಣುತ್ತದೆ. ಹಾಗಾಗಿ ಕಿಟಕಿಗಳಿಗೆ ಪಟ್ಟಿ ಅಂಟಿಸಿ ಮುಚ್ಚಿದ್ದರು. ಫ್ಯಾನಿಲ್ಲ, ಗಾಳಿ ಹಾಳೆ ಅಲ್ಲಾಡಿಸುತ್ತದೆ. ಬಾಗಿಲು ಸದಾ ಮುಚ್ಚಿರಬೇಕು. ಒಬ್ಬೊಬ್ಬರಿಗೆ ಒಂದೊಂದೇ ಬಣ್ಣ. ವರ್ಷಗಟ್ಟಲೆ ಒಂದೇ. ಕೊನೆಗೆ ಬಣ್ಣವೇ ಹೆಸರಾಯಿತು. ಈಗ ನನ್ನ ಜೊತೆ ಬೋರ್ಡು ಬರೆಯುವ ಅಂಗಡಿ ನಡೆಸುತ್ತಾಳಲ್ಲ ನಿನ್ನ ಕೆಂಪಿ ಚಿಕ್ಕಮ್ಮ, ಅವಳಿಗೆ ಆ ಹೆಸರು ಬಂದದ್ದು ಅಲ್ಲಿ. ಈಗಲೂ "ಇಲ್ಲಿ ವಾಹನ ನಿಲ್ಲಿಸಬೇಡಿ" ಎಂದು ಬರೆಯುವಾಗ ಕೆಂಪು ಡಬ್ಬವನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ನೀಲಿ ಎಂಬುವಳೊಬ್ಬಳಿದ್ದಳು. ನಾನು ಬೂದಿ. ನೆರಳುಗಳೆಲ್ಲ ನನ್ನ ಪಾಲು. ರಾಜಕುಮಾರಿಯ ಗಲ್ಲ ಬೇರೆಯವರಿಗೆ, ಅವಳ ಕಾಲ ಕೆಳಗಿನ ನೆರಳು ನನಗೆ.

ಸಿನಿಮಾ ಮುಗಿದ ಮೇಲೆ ಆ ಹಾಳೆಗಳನ್ನು ಏನು ಮಾಡುತ್ತಿದ್ದರು ಗೊತ್ತಾ? ತೊಳೆಯುತ್ತಿದ್ದರು. ನಮ್ಮ ಕೈಯಲ್ಲೇ. ತೊಟ್ಟಿಯಲ್ಲಿ ನೆನೆಹಾಕಿ, ಉಜ್ಜಿ, ಒಣಗಿಸಿ, ಮುಂದಿನ ಸಿನಿಮಾಕ್ಕೆ ಅದೇ ಹಾಳೆ. ನಾವು ತುಂಬಿದ್ದನ್ನು ನಾವೇ ಅಳಿಸಿ ಚರಂಡಿಗೆ ಬಿಡುತ್ತಿದ್ದೆವು. ನಿನ್ನ ಗೋಡೆಯಲ್ಲಿ ಚಕ್ರ ತಿರುಗಿಸಿದವನ ಹೆಸರು ಇರುತ್ತದೆ, ಕಂಪನಿ ಕಟ್ಟಿದವನ ಮೀಸೆ ಇರುತ್ತದೆ. ಚರಂಡಿಯಲ್ಲಿ ಹೋದ ಬಣ್ಣಕ್ಕೆ ಎಷ್ಟು ಜಾಗ ಕೊಡುತ್ತೀಯ, ಬರೆದು ತಿಳಿಸು.

ಅಮ್ಮ


ಫೆಬ್ರವರಿ ೬

ಅಮ್ಮಾ,

ನೀನು ಹೇಳಿದ್ದನ್ನು ಬರೆದು ಕೊಟ್ಟೆ. ಗಡುವಪ್ಪ ಓದಿ ಪೆನ್ನಿನಿಂದ ಉದ್ದಕ್ಕೂ ಗೀಟು ಎಳೆದ. "ಇದೇನ್ರೀ ಇದು, ಶ್ರದ್ಧಾಂಜಲಿನಾ? ನಾವು ಮಾಡೋದು ಮಕ್ಕಳ ಸಿನಿಮಾ. ಸ್ವಲ್ಪ ಖುಷಿಯಾಗಿ ಬರೀರಿ." ಹಾಳೆ ತೊಳೆಯುತ್ತಿದ್ದದ್ದನ್ನು ಮಾತ್ರ ಉಳಿಸಿಕೊಂಡ. ಪರಿಸರ ಕಾಳಜಿ ಎಂಬ ತಲೆಬರಹದ ಕೆಳಗೆ ಹಾಕುತ್ತಾನಂತೆ. ಕೂದಲು ಕೇಳಿಸಿಕೊಂಡು ಮೇಜಿನ ಕೆಳಗೆ ಬಗ್ಗಿ ನಕ್ಕಳು.

ಉಳಿದದ್ದನ್ನೂ ಬರೆದೆ. ಹಾಳೆ ಹೋಯಿತು, ಕಂಪ್ಯೂಟರ್ ಬಂತು. ಗೊಂಬೆಗೆ ಒಳಗೆ ಎಲುಬು ಬಂತು, ಮೇಲೆ ಚರ್ಮ ಬಂತು. ಆಮೇಲೆ ಮೈಗೆಲ್ಲ ಚುಕ್ಕಿ ಅಂಟಿಸಿಕೊಂಡ ನಟರನ್ನು ಕುಣಿಸಿ ಆ ಕುಣಿತವನ್ನು ಗೊಂಬೆಗೆ ತೊಡಿಸಿದರು. ಈಗ ಯಂತ್ರ. ನಾನು ಮೊದಲ ಭಂಗಿ ಬರೆಯುತ್ತೇನೆ, ಕೊನೆಯ ಭಂಗಿ ಬರೆಯುತ್ತೇನೆ, ನಡುವಿನದ್ದೆಲ್ಲ ಅದೇ ತುಂಬುತ್ತದೆ. ಮೊದಲು ಆ ನಡುವಿನ ಚಿತ್ರ ಬರೆಯಲಿಕ್ಕೆಂದೇ ಒಂದು ಇಡೀ ಹಜಾರದ ಜನ ಇದ್ದರು. ಈಗ ಅಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ, ಯಂತ್ರ ತಣ್ಣಗಿರಲೆಂದು ಎಸಿ ಹಾಕಿದ್ದಾರೆ. ನಮ್ಮ ಕಡೆಯ ಎಸಿ ಕೆಟ್ಟು ಸುಮಾರು ದಿನವಾಯಿತು.

ನೀವು ಧೂಳಿಗೆ ಬಾಗಿಲು ಮುಚ್ಚುತ್ತಿದ್ದಿರಿ, ಇವರು ಸೋರಿಕೆಗೆ ಮುಚ್ಚುತ್ತಾರೆ. ಬಾಗಿಲಿಗೆ ಹಿಡಿಕೆಯಿಲ್ಲ. ಒಳಗೆ ಬರಲು ಕಾರ್ಡು ತೋರಿಸಬೇಕು, ಹೊರಗೆ ಹೋಗಲೂ ತೋರಿಸಬೇಕು. ಈ ತಿಂಗಳಿಂದ ಹೊರಗೆ ಹೋಗುವ ಕಾರ್ಡು ಗಡುವಪ್ಪ ಹೂಂ ಅಂದರೆ ಮಾತ್ರ ಕೆಲಸ ಮಾಡುತ್ತದೆ. ಮೂತ್ರಕ್ಕೆ ಹೋಗಬೇಕಾದರೆ ನೀರು ಎದ್ದು ನಿಂತು ಶಾಲೆಯ ಹುಡುಗನ ಹಾಗೆ ಕಿರುಬೆರಳು ತೋರಿಸುತ್ತಾನೆ. ತಮಾಷೆಗೆ ಶುರು ಮಾಡಿದ್ದು. ಈಗ ಎಲ್ಲರೂ ಹಾಗೇ ಮಾಡುತ್ತೇವೆ, ಯಾರೂ ನಗುವುದಿಲ್ಲ.

ನನ್ನ ಅಜ್ಜಿಯನ್ನು ಮೊನ್ನೆ ಹೊರಗಿನ ಕೆಲವರಿಗೆ ತೋರಿಸಿದರು. ಎಡಗಾಲು ಎಳೆದು ಬರುತ್ತಾಳೆ, ಬಾಗಿಲ ಬಳಿ ನಿಲ್ಲುತ್ತಾಳೆ, ತಲೆ ಓರೆ ಮಾಡಿ ಬಾಗಿಲಿನ ಅಂಚಿಗೆ ಕೈ ಹಚ್ಚುತ್ತಾಳೆ, ಆಮೇಲೆ ಗಬಕ್ಕನೆ ಒಳಗೆ ಕಾಲಿಡುತ್ತಾಳೆ. ಅಲ್ಲಿಗೆ ಇಡೀ ಸಭೆ ಗೊಳ್ಳೆಂದಿತು. ಇದು ಎಲ್ಲಿಂದ ಹೊಳೀತು ಎಂದು ಕೇಳಿದರು. ಕೈಗೆ ಬಂತು ಅಂದೆ.

ಮಗಳು


ಫೆಬ್ರವರಿ ೨೭

ಮಗಳೇ,

ಮಾರುಕಟ್ಟೆಯ ನಾಲ್ಕು ರಸ್ತೆ ಸೇರುವಲ್ಲಿ ಒಂದು ದೊಡ್ಡ ಪರದೆ ಹಾಕಿದ್ದಾರೆ. ನಾನೂ ಕೆಂಪಿಯೂ ಔಷಧಿ ಅಂಗಡಿಯ ಬೋರ್ಡು ಬರೆಯಲು ಏಣಿ ಹೊತ್ತು ಹೋಗಿದ್ದೆವು. ಪರದೆಯ ಮೇಲೆ ಸೋಪಿನ ಜಾಹೀರಾತು. ಗುಂಡು ಮುಖದ ಮುದುಕಿಯೊಬ್ಬಳು ಬಚ್ಚಲಿಗೆ ನಡೆದು ಬಂದಳು.

ಕೆಂಪಿಯ ಕೈಯಿಂದ ಕುಂಚ ಜಾರಿತು. "ಬೂದಿ, ಅದು ನೀನಲ್ವೇನೇ?"

ಮುಖ ನನ್ನದಲ್ಲ. ಮೂಗಂತೂ ಅಲ್ಲ, ಆಲೂಗಡ್ಡೆ ಇಟ್ಟ ಹಾಗಿದೆ. ಕಾಲು ನನ್ನದು. ಎಡ ಹೆಬ್ಬೆರಳು ಮೊದಲು ಊರಿ ಹಿಮ್ಮಡಿ ಆಮೇಲೆ ಇಳಿಯುವುದು ನನ್ನದು. ಬಾಗಿಲ ಬಳಿ ನಿಲ್ಲುವುದು ನನ್ನದು. ಕೈ ನನ್ನದು. ನಾನು ನಿಂತು ಇನ್ನೊಂದು ಸಲ ಬರುವವರೆಗೆ ಕಾದೆ. ಬಂದಳು. ಮತ್ತೆ ಬಂದಳು. ಬಚ್ಚಲ ಬಾಗಿಲಿಗೆ ಬರುತ್ತಾಳೆ, ಕೈ ಹಚ್ಚುತ್ತಾಳೆ, ಗಬಕ್ಕನೆ ನುಗ್ಗಿ ನೊರೆಯಲ್ಲಿ ಜಾರಿ ಬೀಳುತ್ತಾಳೆ. ಕೆಳಗೆ ನಿಂತ ಜನ ನಗುತ್ತಾರೆ. ಅವಳಿಗೆ ಏಳುವ ಹೊತ್ತೂ ಕೊಡುವುದಿಲ್ಲ, ಮತ್ತೆ ಬಾಗಿಲ ಬಳಿಗೆ ತಂದು ನಿಲ್ಲಿಸುತ್ತಾರೆ.

ಈಗ ನಮ್ಮ ಬೀದಿಯ ಮಕ್ಕಳು ನನ್ನ ಹಿಂದೆ ಸಾಲುಗಟ್ಟಿ ಕಾಲೆಳೆಯುತ್ತವೆ. "ಸೋಪಜ್ಜಿ, ಸೋಪಜ್ಜಿ" ಅನ್ನುತ್ತವೆ. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವು ಚೆನ್ನಾಗಿಯೇ ಮಾಡುತ್ತವೆ, ಒಂದು ಹುಡುಗಿಯಂತೂ ನಿನಗಿಂತ ಚೆನ್ನಾಗಿ ಮಾಡುತ್ತಾಳೆ.

ಕೈಗೆ ಬಂತು ಅಂದೆಯಂತೆ. ಯಾವ ಕೈಗೆ? ನನ್ನ ಸೆರಗು ಹಿಡಿದು ನಡೆದ ಕೈಗೆ ತಾನೇ?

ಅಮ್ಮ


ಮಾರ್ಚ್ ೧೦

ಅಮ್ಮಾ,

ನಿನ್ನ ಕಾಗದ ಬಂದ ದಿನದಿಂದ ಇದು ಎಷ್ಟನೆಯದೋ, ಬರೆದು ಹರಿಯುತ್ತಿದ್ದೇನೆ.

ಬೇಕೆಂದು ಮಾಡಲಿಲ್ಲ. ಅಜ್ಜಿ ನಡೆಯಬೇಕು ಅಂದರು, ನಡೆಸಿದೆ. ಮೊದಲ ಸಲ ಪರದೆಯ ಮೇಲೆ ಅವಳು ಬಾಗಿಲ ಬಳಿ ನಿಂತಾಗಲೇ ಗೊತ್ತಾಯಿತು. ಗೊತ್ತಾಗಿ ಸಂತೋಷವಾಯಿತು ಕಣಮ್ಮ. ಇಷ್ಟು ದೂರದಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ನೀನು ನನ್ನ ಕಡೆಗೆ ನಡೆದು ಬಂದ ಹಾಗಾಯಿತು. ಅದನ್ನು ಅವರು ಎತ್ತಿಕೊಂಡು ಹೋಗಿ ಸೋಪಿಗೆ ಕೊಡುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು.

ಸೋಪು ಬರೀ ಶುರು. ಇವರ ಯಂತ್ರದಲ್ಲಿ ಒಂದು ಉಗ್ರಾಣವಿದೆ. ಓಟ, ನಗು, ಅಳು, ಬೀಳುವುದು, ಎಲ್ಲವನ್ನೂ ದೇಹದಿಂದ ಬಿಡಿಸಿ ಅಲ್ಲಿ ಇಡುತ್ತಾರೆ, ಬೇಕಾದವರು ಕೊಂಡು ಬೇಕಾದ ದೇಹಕ್ಕೆ ತೊಡಿಸಬಹುದು. ನಿನ್ನ ನಡಿಗೆಯೂ ಅಲ್ಲಿಗೆ ಹೋಗಿದೆ. ನಿನ್ನೆ ಒಂದು ಕರಡಿ ಅದನ್ನು ನಡೆಯುತ್ತಿತ್ತು. ಮಾಟಗಾತಿಯೊಬ್ಬಳು ನಡೆಯುತ್ತಿದ್ದಳು. ಬಟ್ಟೆ ತಿರುಗಿ ನನ್ನ ಮುಖ ನೋಡಿ ಪರದೆ ಆರಿಸಿದ.

ಉಗ್ರಾಣವನ್ನು ಪೂರ್ತಿ ಮಾರಬೇಕಾದರೆ ಅವರಿಗೆ ನನ್ನ ಸಹಿ ಬೇಕು. ಈ ನಡಿಗೆ ನನ್ನ ಕಲ್ಪನೆ, ಬದುಕಿರುವ ಯಾರದೂ ಅಲ್ಲ, ಇನ್ನು ಮೇಲೆ ಎಂದೆಂದಿಗೂ ಸ್ಟುಡಿಯೋದ್ದು, ಎಂದು. ಸಹಿ ಹಾಕಿದರೆ ಚಿತ್ರದಲ್ಲಿ ನನ್ನ ಹೆಸರು ಬರುತ್ತದೆ, ಏಪ್ರಿಲ್ ಕೊನೆಗೆ ಕೆಲಸದಿಂದ ಬಿಟ್ಟಿದ್ದೇವೆ ಎಂಬ ಬಿಡುಗಡೆ ಪತ್ರ ಕೈಗೆ ಸಿಗುತ್ತದೆ, ಮನೆಗೆ ಬರಬಹುದು. ಹಾಕದಿದ್ದರೆ ಕರಾರು ಮುಂದುವರಿಯುತ್ತದೆ. ಬಿಡುಗಡೆ ಪತ್ರವಿಲ್ಲದೆ ಓಡಿಹೋದವಳನ್ನು ಬೇರೆ ಯಾವ ಸ್ಟುಡಿಯೋವೂ ಬಾಗಿಲಿಗೆ ಸೇರಿಸುವುದಿಲ್ಲ. ನನಗೆ ಬರುವುದು ಇದೊಂದೇ ಕೆಲಸ.

ಗಡುವಪ್ಪ ಬೆಣ್ಣೆ ಹಚ್ಚಿ ಮಾತಾಡುತ್ತಾನೆ. "ನಡಿಗೆಗೆ ಯಾರಾದ್ರೂ ಒಡೆಯರಿರ್ತಾರೇನ್ರೀ? ಗಾಳಿ ಇದ್ದ ಹಾಗೆ ಅದು." ಗಾಳಿಯಾದರೆ ನನ್ನ ಸಹಿ ಯಾಕೆ ಸರ್ ಅಂದೆ. "ಜಾಣತನ ಬೇಡ" ಅಂದ.

ನೀನು ಹೂಂ ಅಂದರೆ ಹಾಕುತ್ತೇನೆ. ಬೇಡ ಅಂದರೆ ಇಲ್ಲ. ಆದರೆ ಒಂದು ಮಾತು ಹೇಳು. ಕಾಲು ಹೇಗಾಯಿತು ಎಂದು ಕೇಳಿದಾಗಲೆಲ್ಲ ಮೆಟ್ಟಿಲಿಂದ ಬಿದ್ದೆ ಅನ್ನುತ್ತಿದ್ದೆ. ಯಾವ ಮೆಟ್ಟಿಲು? ನಾವಿದ್ದ ಯಾವ ಮನೆಗೂ ಮೆಟ್ಟಿಲೇ ಇರಲಿಲ್ಲವಲ್ಲ.

ಮಗಳು


ಮಾರ್ಚ್ ೩೦

ಅಮ್ಮಾ,

ಉತ್ತರವಿಲ್ಲ. ಕಾಗದ ಗೇಟಿನಲ್ಲಿ ನಿಂತಿತೋ, ನಿನ್ನ ಗಂಟಲಲ್ಲಿ ನಿಂತಿತೋ ಗೊತ್ತಾಗುತ್ತಿಲ್ಲ. ಸಹಿಯ ಹಾಳೆ ನನ್ನ ಮೇಜಿನ ಮೇಲೇ ಇದೆ. ಅದರ ಮೇಲೆ ಟೀ ಲೋಟ ಇಡಬೇಡಿ ಎಂದು ಗಡುವಪ್ಪ ದಿನವೂ ಹೇಳುತ್ತಾನೆ. ದಿನವೂ ಇಡುತ್ತೇನೆ. ನನ್ನ ಕೈಲಾಗುವ ಕ್ರಾಂತಿ ಸದ್ಯಕ್ಕೆ ಅಷ್ಟೇ.

ಮಗಳು


ಏಪ್ರಿಲ್ ೬

ಮಗಳೇ,

ಗಂಟಲಲ್ಲೇ ನಿಂತಿತ್ತು. ಕೆಂಪಿ ಬೈದಳು. "ನಿನ್ನ ಬಾಯಲ್ಲಿ ಏನು ತುಂಬ್ಕೊಂಡಿದೀಯೆ? ಉಗುಳು, ಇಲ್ಲ ನುಂಗು. ಹುಡುಗಿ ಅಲ್ಲಿ ಕಾಯ್ತಿದಾಳೆ." ಉಗುಳುತ್ತೇನೆ.

ಮೆಟ್ಟಿಲಲ್ಲ, ಕಿಟಕಿ.

ಬಾಗಿಲು ಮುಚ್ಚಿರುತ್ತಿತ್ತು ಎಂದು ಬರೆದೆನಲ್ಲ, ಹೊರಗಿನಿಂದ ಚಿಲಕ ಹಾಕಿ ಮುಚ್ಚಿರುತ್ತಿತ್ತು. ಹೆಂಗಸರು ಪದೇಪದೇ ಹೊರಗೆ ಹೋಗಿ ಧೂಳು ತರುತ್ತಾರೆ ಎಂದು. ಹಾಕಿದ್ದು ಮೇಲ್ವಿಚಾರಕ. ಮೇಲಿನಿಂದ ಅದಕ್ಕೊಂದು ಬೀಗ, ಬೀಗದ ಕೈ ಅವನ ಸೊಂಟದಲ್ಲಿ. ಅವತ್ತು ಅವನು ಊಟಕ್ಕೆ ಹೋಗಿದ್ದ. ಬಣ್ಣ ಬೇಗ ಒಣಗಲೆಂದು ಹೀಟರ್ ಇಟ್ಟಿದ್ದರು, ಹಾಳೆ ಒರೆಸುವ ಸ್ಪಿರಿಟ್ಟಿನ ಡಬ್ಬ ಅದರ ಪಕ್ಕದಲ್ಲೇ. ಕೋಣೆ ತುಂಬ ಒಣಗಲು ನೇತುಹಾಕಿದ ಹಾಳೆಗಳು. ಬೆಂಕಿಗೆ ಅದಕ್ಕಿಂತ ಹಬ್ಬ ಬೇಕೇ. ಕುದುರೆ, ರಾಜಕುಮಾರಿ, ಮೋಡ, ಎಲ್ಲ ಮುದುರಿಕೊಂಡು ಉರಿದವು.

ನೀಲಿ ಬಾಗಿಲ ಬಳಿ ಓಡಿದಳು. ನಾನು ಕಿಟಕಿಯ ಪಟ್ಟಿ ಹರಿದೆ. ಅವಳನ್ನು ಕೂಗಿದೆ. "ಬಂದ್ರು ಕಣೇ, ಬಂದ್ರು, ಚಿಲಕದ ಸದ್ದು ಕೇಳ್ತಿದೆ" ಅಂದಳು. ಯಾರೂ ಬಂದಿರಲಿಲ್ಲ. ನಾನು ಕಿಟಕಿಯನ್ನು ನಂಬಿದೆ, ಅವಳು ಬಾಗಿಲನ್ನು ನಂಬಿದಳು. ನಾನು, ಕೆಂಪಿ, ಇನ್ನಷ್ಟು ಜನ ಕೆಳಗೆ ಬಿದ್ದೆವು. ನೀಲಿ ಅಂಗೈಯನ್ನು ಬಾಗಿಲಿಗೆ ಒತ್ತಿಕೊಂಡೇ ಇದ್ದಳಂತೆ, ತೆರೆದವರು ಹೇಳಿದರು.

ಆಸ್ಪತ್ರೆಯ ಮಂಚದ ಬಳಿ ಕಂಪನಿಯವನೊಬ್ಬ ಬಂದ. ಬಾಗಿಲು ತೆರೆದೇ ಇತ್ತು, ನಾನೇ ಹೆದರಿ ಹಾರಿದೆ ಎಂದು ಹೇಳಬೇಕಂತೆ. ಹೇಳಲಿಲ್ಲ. ನಾವಷ್ಟು ಜನ ಕಂಪನಿಯ ಮುಂದೆ ಕೂತೆವು, ಕೂಗಿದೆವು, ಲಾಠಿ ತಿಂದೆವು. ಅದಕ್ಕವರು ಏನು ಮಾಡಿದರು ಗೊತ್ತೇ? ನನ್ನ ಕುಂಟು ಹುಟ್ಟಿನಿಂದಲೇ ಇತ್ತು ಎಂದು ಹೇಳಿ ಕೈತೊಳೆದುಕೊಂಡರು. ಮೊದಲ ಕಂಪನಿ ಹೇಳಿತು, ಇವಳ ಕಾಲು ದೇವರ ಕೆಲಸ. ಎರಡನೇ ಕಂಪನಿ ಹೇಳುತ್ತಿದೆ, ಇವಳ ಕಾಲು ಮಗಳ ಕಲ್ಪನೆ. ನನ್ನ ಕಾಲು ನನ್ನದಾಗುವುದು ಯಾವಾಗ ಕಣೇ?

ನೀನು ಚಿಕ್ಕವಳಿದ್ದೆ, ಬಾಗಿಲು ಮುಚ್ಚಿದರೆ ಹೆದರುತ್ತಿದ್ದೆ. ಈ ಕಥೆ ಹೇಳಿ ನಿನ್ನನ್ನೂ ಅದೇ ಕೋಣೆಗೆ ತಳ್ಳುವುದೇಕೆ ಎಂದು ಮೆಟ್ಟಿಲು ಕಟ್ಟಿದೆ. ನೀನು ನೋಡಿದರೆ ನಡೆದುಕೊಂಡೇ ಅಲ್ಲಿಗೆ ಹೋಗಿ ಕೂತಿದ್ದೀಯ.

ಸಹಿ ಹಾಕು, ಬಿಡು, ಅದು ನಿನ್ನ ಕೈ. ನಾನು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದೂ ಇಲ್ಲ. ನನ್ನ ಹೆಸರಿನಲ್ಲಿ ನೀನು ಒಳಗಿರುವುದೂ ಬೇಡ, ಹೊರಗೆ ಬರುವುದೂ ಬೇಡ. ಆದರೆ ಚಿತ್ರ ಬರೆಯುವವಳಿಗೆ ಬಣ್ಣ ಬಳಿಯುವವಳ ಒಂದು ತಿದ್ದುಪಡಿ. ಕಾಲನ್ನು ಸರಿಯಾಗಿ ನೋಡಿದ್ದೀಯ. ಕೈಯನ್ನು ತಪ್ಪು ನೋಡಿದ್ದೀಯ. ಕುಂಟಿಗೆ ಆಸರೆ ಬೇಕು, ಅದಕ್ಕೆ ಬಾಗಿಲು ಹಿಡಿಯುತ್ತಾಳೆ ಅಂದುಕೊಂಡೆ. ನನಗೆ ಯಾವ ಬಾಗಿಲಿನ ಆಸರೆಯೂ ಬೇಕಿಲ್ಲ. ಒಳಗೆ ಕಾಲಿಡುವ ಮೊದಲು ಬಾಗಿಲಿನ ಹೊರಮೈ ಸವರುತ್ತೇನೆ. ಹೊರಗೆ ಚಿಲಕವಿದೆಯಾ ಎಂದು ನೋಡುತ್ತೇನೆ. ಅಷ್ಟು ವರ್ಷ ನನ್ನ ಪಕ್ಕದಲ್ಲಿ ನಡೆದೆ, ನನ್ನ ಬೆರಳು ಏನು ಹುಡುಕುತ್ತಿದೆ ಎಂದು ನೋಡಲಿಲ್ಲ.

ಅಮ್ಮ


ಏಪ್ರಿಲ್ ೧೭

ಅಮ್ಮಾ,

ನಮ್ಮ ಮನೆಯ ಬಾಗಿಲಿಗೆ ಹೊರಗಡೆ ಚಿಲಕವೇ ಇರಲಿಲ್ಲ. ಪ್ರತಿ ಮನೆಗೂ ಬಾಡಿಗೆಗೆ ಹೋದ ದಿನವೇ ನೀನು ಸ್ಕ್ರೂ ಬಿಚ್ಚಿ ತೆಗೆಯುತ್ತಿದ್ದೆ. "ಬೀಗ ಎಲ್ಲಿಗ್ರೀ ಹಾಕ್ತೀರಾ?" ಎಂದು ಮನೆಯೊಡೆಯರು ಜಗಳಕ್ಕೆ ಬರುತ್ತಿದ್ದರು. "ಕಳ್ಳ ಬಂದ್ರೆ ಅವನೇ ಏನಾದ್ರೂ ಇಟ್ಟು ಹೋಗ್ಬೇಕು, ಬಿಡಿ" ಅನ್ನುತ್ತಿದ್ದೆ. ನಾನು ಕೇಳಿ ನಗುತ್ತಿದ್ದೆ. ಆ ಸ್ಕ್ರೂಗಳನ್ನು ಇಟ್ಟಿದ್ದ ಡಬ್ಬ ನನಗೆ ಗೊತ್ತು. ಅದನ್ನು ಗಿಲಕಿ ಮಾಡಿಕೊಂಡು ಆಡಿದ್ದೇನೆ.

ನಿನ್ನ ಕಾಗದ ಓದಿದ ಮರುದಿನ ಸ್ಟುಡಿಯೋ ಬಾಗಿಲ ಬಳಿ ನನ್ನ ಕಾಲು ತಾನಾಗಿ ನಿಂತಿತು. ಕೈ ತಾನಾಗಿ ಹೋಯಿತು. ಹಿಂದೆ ಇದ್ದ ಕೂದಲು, "ಏನೇ, ಅಜ್ಜಿ ಮಾಡ್ತಿದೀಯಾ?" ಅಂದಳು, ಎಲ್ಲರೂ ನಕ್ಕರು. ನಾನೂ ನಕ್ಕು ಒಳಗೆ ಹೋದೆ. ಹೋದೆ ನೋಡು.

ಅದಾಗಿ ಸ್ವಲ್ಪ ದಿನಕ್ಕೆ ಬಾಗಿಲಿನ ಯಂತ್ರ ಕೆಟ್ಟಿತು. ಒಳಗಿನಿಂದ ಯಾರ ಕಾರ್ಡನ್ನೂ ಒಪ್ಪಲಿಲ್ಲ. ನೀರಿಗೆ ಉಬ್ಬಸವಿದೆ, ಔಷಧಿ ಚೀಲವನ್ನೂ ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆ. ಸೆಕೆಗೆ ಉಬ್ಬಸ ಎದ್ದು ಅವನ ತುಟಿ ನೀಲಿಗಟ್ಟಿತು. ಗಡುವಪ್ಪ ದೊಡ್ಡವರ ಜೊತೆ ಕತ್ತಲ ಪ್ರದರ್ಶನದ ಕೋಣೆಯಲ್ಲಿ ಸಿನಿಮಾ ನೋಡುತ್ತಿದ್ದ. ನಾವು ಬಾಗಿಲು ಬಡಿದೆವು. ಬಡಿಯುತ್ತಾ ಇರುವಾಗ ಬಟ್ಟೆ, "ಬಂದ್ರು, ಬಂದ್ರು, ಸದ್ದು ಕೇಳ್ತಿದೆ" ಅಂದ. ಅಮ್ಮಾ, ನೀಲಿಯ ಮಾತೇ ಅದು. ಬಾಗಿಲು ಬಿಟ್ಟು ಕಿಟಕಿ ಹುಡುಕಿದೆ. ನಮಗೆ ಕಿಟಕಿಯೇ ಇಲ್ಲ.

ಕಾಫಿ ತರುವ ಹೆಂಗಸು ತಳ್ಳುಗಾಡಿ ಹಿಡಿದು ಬಂದಳು, ಹೊರಗಿನಿಂದ ತನ್ನ ಕಾರ್ಡು ತೋರಿಸಿದಳು, ಬಾಗಿಲು ತೆರೆಯಿತು. ನೀರು ಬದುಕಿದ. ಗಡುವಪ್ಪ ಬಂದು ಕೇಳಿದ ಮೊದಲ ಮಾತು, "ಬಾಗಿಲು ತೆಗೆದಿದ್ದಾಗ ಹೊರಗಿನವರು ಯಾರಾದ್ರೂ ಪರದೆ ನೋಡಿದ್ರಾ?"

ಅವತ್ತು ಬಸ್ಸಿನಲ್ಲಿ ನಾನು ನೀಲಿಯ ಕಥೆ ಹೇಳಿದೆ. ಇಳಿಯುವಾಗ ಕೂದಲು ಬಸ್ಸಿನ ಬಾಗಿಲ ಬಳಿ ನಿಂತು ಅದರ ಹೊರಮೈ ಸವರಿದಳು. ಈ ಸಲ ಯಾರೂ ನಗಲಿಲ್ಲ.

ಚರಿತ್ರೆಯ ಗೋಡೆಯಲ್ಲಿ ಆ ನಗುಮೊಗದ ಫೋಟೋ ಕಿತ್ತು ನೀಲಿಯ ವಿಷಯ ಬರೆದು ಅಂಟಿಸಿದೆ. ಮಧ್ಯಾಹ್ನದೊಳಗೆ ಕಿತ್ತರು. ಫೋಟೋ ಮಾತ್ರ ಅವರಿಗೆ ಸಿಗಲಿಲ್ಲ, ಅದು ನನ್ನ ಹಾಸಿಗೆಯ ಕೆಳಗಿದೆ. ಗೋಡೆಯ ಮೇಲೆ ಆ ಜಾಗ ಈಗ ಖಾಲಿ.

ಮಗಳು


ಏಪ್ರಿಲ್ ೩೦

ಅಮ್ಮಾ,

ಈ ಕಾಗದ ಗೇಟು ದಾಟಿ ಬಂದದ್ದಲ್ಲ. ಗೇಟಿನ ಹೊರಗೆ, ಕಾಂಪೌಂಡಿಗೆ ಒರಗಿ ಕೂತು ಬರೆಯುತ್ತಿದ್ದೇನೆ. ಯಾರೂ ಬಿಡಿಸಿ ನೋಡುವುದಿಲ್ಲ. ಉತ್ತರವನ್ನು ಹಿಂಬದಿಯಲ್ಲಿ ಬರೆದಿರುವ ಕಾಫಿ ತರುವ ಹೆಂಗಸಿನ ವಿಳಾಸಕ್ಕೆ ಹಾಕು.

ಸಹಿ ಹಾಕಲಿಲ್ಲ. ಟೀ ಲೋಟದ ಉಂಗುರಗಳಿದ್ದ ಹಾಳೆಯನ್ನು ಹಾಗೇ ವಾಪಸ್ ಕೊಟ್ಟೆ. ಗಡುವಪ್ಪ ನಕ್ಕ. "ಬೇಡ ಬಿಡ್ರೀ. ನಡಿಗೆ ನನ್ನ ಕಲ್ಪನೆ ಅಂತ ನಾನೇ ಸಹಿ ಹಾಕ್ತೀನಿ. ಯಂತ್ರಕ್ಕೆ ನಿಮ್ಮ ಕೈ ಬೇಕಾಗಿದ್ದು ಒಂದೇ ಸಲ." ಹಾಕಿಯೂ ಬಿಟ್ಟ. ಅಂದರೆ ನಿನ್ನ ಕಾಲು ಈಗ ಅವನ ತಲೆಯಿಂದ ಹುಟ್ಟಿದ್ದು. ಸೋಪಜ್ಜಿ ಬೀಳುತ್ತಲೇ ಇರುತ್ತಾಳೆ, ಕರಡಿ ಕುಂಟುತ್ತಲೇ ಇರುತ್ತದೆ. ಅದನ್ನು ನಾನು ಬಿಡಿಸಿ ತರಲಾಗಲಿಲ್ಲ.

ಇಂದು ಬೆಳಿಗ್ಗೆ ಬಸ್ಸಿಳಿದು ಎಲ್ಲರೂ ಬಾಗಿಲವರೆಗೆ ಹೋದೆವು, ನಿಂತೆವು. ಒಬ್ಬೊಬ್ಬರಾಗಿ ಕೈ ಹಚ್ಚಿದೆವು. ಒಳಗೆ ಹೋಗಲಿಲ್ಲ. ಕಾರ್ಡಿಲ್ಲದೆ ಒಳಗಿನಿಂದ ತೆರೆಯುವ ಹಿಡಿಕೆ ಹಾಕಿಸಿ, ಆಮೇಲೆ ಬರುತ್ತೇವೆ ಅಂದೆವು. ಬಿಡುಗಡೆ ಹತ್ತಿರವಿದೆ, ಬಗ್ಗುತ್ತಾರೆ ಎಂದು ನೀರು ಹೇಳುತ್ತಾನೆ. ಯಂತ್ರವಿದೆ, ಬಗ್ಗುವುದಿಲ್ಲ ಎಂದು ಬಟ್ಟೆ. ಹಾಸ್ಟೆಲ್ಲಿಗೆ ಬೀಗ ಹಾಕಿದ್ದಾರೆ, ನಮ್ಮ ಬಟ್ಟೆಬರೆ ಒಳಗೇ ಇದೆ, ಫೋನು ಕಪಾಟಿನಲ್ಲಿದೆ. ಒಳಗಿದ್ದಾಗ ಹೊರಗೆ ಬಿಡಲಿಲ್ಲ, ಹೊರಗಿದ್ದಾಗ ಒಳಗೆ ಬಿಡುತ್ತಿಲ್ಲ. ಬೀದಿಯಲ್ಲಿ ಕೂತರೂ ಅವರ ಬೀಗದ ಒಳಗೇ ಇದ್ದೇವೆ. ಹೆದರಿಕೆಯಾಗುತ್ತಿದೆ ಅಮ್ಮಾ. ಆದರೆ ಎಷ್ಟೋ ತಿಂಗಳ ಮೇಲೆ ಉಚ್ಚೆಗೆ ಹೋಗಲು ಯಾರನ್ನೂ ಕೇಳಲಿಲ್ಲ.

ಕೆಳಗೆ ನೋಡು, ಚಿತ್ರ ಬರೆದಿದ್ದೇನೆ. ಮೊದಲ ಭಂಗಿ, ಕೊನೆಯ ಭಂಗಿ, ನಡುವಿನದೂ ನಾನೇ. ಮುಖ ಈ ಸಲ ನಿನ್ನದೇ. ಕೈ ಸರಿಯಾಯಿತೇ? ಬೆರಳ ತುದಿ ನೋಡಿ ಹೇಳು.

ಮಗಳು


ಮೇ ೫

ಮಗಳೇ,

ಕೈ ಸರಿಯಾಗಿದೆ. ನೆರಳು ಹಾಕುವುದನ್ನು ಮರೆತಿದ್ದೀಯ, ಅದನ್ನು ನಾನು ಹಾಕಿದೆ. ಹಾಳೆಯನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದೇವೆ. ನಮ್ಮ ಬೀದಿಯ ಆ ಹುಡುಗಿ ಬಂದು ನೋಡಿ, "ಇದು ಸೋಪಜ್ಜಿ ಅಲ್ಲ, ನೀನು" ಅಂದಳು. ಏನು ಹುಡುಕ್ತಿದೀನಿ ಹೇಳು ನೋಡೋಣ ಅಂದೆ. ಬಾಗಿಲಿನ ಆಚೆ ಈಚೆ ಹೋಗಿ ಬಂದು, "ಚಿಲಕ" ಅಂದಳು.

ಈ ಕಾಗದ ಮುಟ್ಟುವ ಹೊತ್ತಿಗೆ ನಾನೂ ಕೆಂಪಿಯೂ ಬಸ್ಸಿನಲ್ಲಿರುತ್ತೇವೆ. ನಾವು ಅವತ್ತು ಕೂತು ಗೆದ್ದವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೋತವರಿಗೆ ಗೊತ್ತಿರುವುದು ಒಂದಿಷ್ಟು ಇರುತ್ತದೆ, ನೀರು ಎಲ್ಲಿಂದ ತರಬೇಕು, ಲಾಠಿ ಬಂದರೆ ತಲೆ ಹೇಗೆ ಮುಚ್ಚಿಕೊಳ್ಳಬೇಕು, ಅಂಥದ್ದು. ಕೆಂಪಿ ಬೋರ್ಡು ಬರೆದಿದ್ದಾಳೆ. "ಬಾಗಿಲು ಒಳಗಿನಿಂದಲೂ ತೆರೆಯಬೇಕು." ಅಷ್ಟೇ. ಅಕ್ಷರ ಅವಳದು, ನೆರಳು ನನ್ನದು. ನೀಲಿ ಬಣ್ಣದ ಅಂಚು ಯಾರು ಹಾಕಬೇಕು? ತೆರೆದ ಡಬ್ಬವನ್ನು ಮತ್ತೆ ಮುಚ್ಚಿದೆವು. ಅಂಚು ಹಾಕದೆ ಬಿಟ್ಟಿದ್ದೇವೆ.

ಕಂಡಕ್ಟರು ಬೋರ್ಡು ಹತ್ತಿಸಲು ಬಿಡದಿದ್ದರೆ ಕೆಂಪಿಯ ಬಾಯಿ ಅವನಿಗೆ ಗೊತ್ತಾಗುತ್ತದೆ. ಆ ಸ್ಕ್ರೂಗಳ ಡಬ್ಬವನ್ನೂ ತರುತ್ತಿದ್ದೇನೆ, ಸ್ಕ್ರೂಡ್ರೈವರನ್ನೂ.

ನಾನು ಬರುವಾಗ ಬಸ್ಸಿನ ಬಾಗಿಲ ಬಳಿ ನಿಲ್ಲುತ್ತೇನೆ, ಅವಸರ ಮಾಡಬೇಡ.

ಬೂದಿ